ಬೆನ್ನಿನಲ್ಲಿ ಮೂಡಿದ ಪಾದ

ವಳಸಂಗದ ಮೈಲಾರಲಿಂಗ ಜನರ ಮುಖ ನೋಡಿದ್ದಕ್ಕಿಂತ ಬೆನ್ನು ನೋಡಿದ್ದೇ ಹೆಚ್ಚು. ಸೊಲ್ಲಾಪುರದ ಒಂದು ದವಾಖಾನೆಯಲ್ಲಿ ಹನ್ನೊಂದು ವರ್ಷ ವಾರ್ಡಿನ ಕೆಲಸ ಮಾಡಿದ. ಈಗ ಮನೆಗಳಿಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಾನೆ. ಎದ್ದು ಕೂರಲಾರದವರು, ಮಗ್ಗಲು ಹೊರಳಲಾರದವರು, ಮಾತು ನಿಂತವರು. ಅಂಥವರಲ್ಲಿ ಮೊದಲು ಕೆಡುವುದು ಬೆನ್ನು. ಒಂದೇ ಕಡೆ ಬಹಳ ಹೊತ್ತು ಮಲಗಿದರೆ ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ ರಕ್ತ ಹೋಗುವುದಿಲ್ಲ. ಕೆಂಪಾಗುತ್ತದೆ, ಕಪ್ಪಾಗುತ್ತದೆ, ಒಂದು ದಿನ ಒಡೆಯುತ್ತದೆ. ಒಡೆದ ಮೇಲೆ ಬೆರಳು ಹೋಗುವಷ್ಟು ಗುಂಡಿ ಬೀಳುತ್ತದೆ. ಎಷ್ಟೋ ಜನ ಮೂಲ ರೋಗದಿಂದಲ್ಲ, ಈ ಹಾಸಿಗೆ ಹುಣ್ಣಿನಿಂದಲೇ ಹೋದದ್ದನ್ನು ಅವನು ನೋಡಿದ್ದಾನೆ.

ಅವನ ಅಪ್ಪ ಕುರಿ ಕಾಯುತ್ತಿದ್ದ. ಬೋರಾಮಣಿಯ ಹುಲ್ಲಿನ ಬಯಲಿನ ತನಕ ಹೊಡೆದುಕೊಂಡು ಹೋಗುತ್ತಿದ್ದ. ನೆಲ ಹಿಡಿದ ಕುರಿಯ ಉಣ್ಣೆ ಬಿಡಿಸಿ, ಕೈಯ ಹಿಂಬದಿಯನ್ನು ಚರ್ಮಕ್ಕೆ ತಾಗಿಸಿ ನೋಡುತ್ತಿದ್ದ. ಬಿಸಿ ಇದ್ದರೆ ಕುರಿಯನ್ನು ಇನ್ನೊಂದು ಮಗ್ಗಲಿಗೆ ಹೊರಳಿಸುತ್ತಿದ್ದ. ಮೈಲಾರಲಿಂಗ ಹತ್ತನೆಯ ತರಗತಿಯ ನಂತರ ಸಾಲಿ ಬಿಟ್ಟ. ಆದರೆ ಆ ಕೈ ಅವನಿಗೂ ಬಂತು.

ಉಳಿದದ್ದನ್ನು ಕಲಿಸಿದವಳು ದವಾಖಾನೆಯ ವೇಣೂಬಾಯಿ ಸಿಸ್ಟರ್. ರೋಗಿ ಬಂದ ದಿನವೇ ಆರು ವಿಷಯ ನೋಡಬೇಕು ಎಂದು ಆಕೆ ಹೇಳಿಕೊಟ್ಟಳು. ನೋವು ತಿಳಿಯುತ್ತದೆಯೋ ಇಲ್ಲವೋ. ಮೈ ಒದ್ದೆ ಇರುತ್ತದೆಯೋ ಒಣಗಿರುತ್ತದೆಯೋ. ನಡೆಯುತ್ತಾರೋ. ತಾವೇ ಹೊರಳುತ್ತಾರೋ. ಏನು ಉಣ್ಣುತ್ತಾರೆ. ಮೇಲೆ ಎಳೆದಾಗ ಚರ್ಮ ಹಾಸಿಗೆಗೆ ತಿಕ್ಕುತ್ತದೆಯೋ. ಒಂದೊಂದಕ್ಕೂ ಮಾರ್ಕು. ಎಲ್ಲ ಸೇರಿ ಇಪ್ಪತ್ತಮೂರು. ಎಷ್ಟು ಕಡಿಮೆ ಬಂತೋ ಅಷ್ಟು ಅಪಾಯ.

ಅದು ಅವನಿಗೆ ಚಟವೇ ಆಯಿತು. ಬಸ್ಸಿನಲ್ಲಿ ತೂಕಡಿಸುವ ಮುದುಕರಿಗೂ ಮನಸ್ಸಿನಲ್ಲೇ ಮಾರ್ಕು ಹಾಕುತ್ತಿದ್ದ. ಒಂದು ಭಾನುವಾರ ಹೆಂಡತಿ ಸುವರ್ಣಾ ಮಲಗಿದ್ದಾಗ ಅವಳ ಹಿಮ್ಮಡಿ ಮುಟ್ಟಿ ನೋಡಿದ.

"ಏನ್ರೀ ಅದು? ನನಗೂ ಮಾರ್ಕ್ ಹಾಕಾಕತ್ತೀರೇನು?" ಅಂದಳು ಕಣ್ಣು ಮುಚ್ಚಿಕೊಂಡೇ. "ನಡ್ಯೂದಕ್ಕ ಪೂರಾ ಹಾಕ್ರಿ. ನಿಮ್ಮ ಮನಿಗೆ ಬಂದಾಗಿಂದ ಕುಂತದ್ದ ನೆನಪಿಲ್ಲ ನನಗ."

ಹೋದ ವರ್ಷ ಯುಗಾದಿ ಮುಗಿದ ಮೇಲೆ ಅವನಿಗೆ ಅಕ್ಕಲಕೋಟದ ಒಂದು ಮನೆಯಲ್ಲಿ ಕೆಲಸ ಸಿಕ್ಕಿತು. ಸಾವಕಾರ ಚನ್ನವೀರಪ್ಪನವರದು ಸೊಲ್ಲಾಪುರದ ಪೇಟೆಯಲ್ಲಿ ಚಾದರದ ಅಂಗಡಿ. ಎಪ್ಪತ್ತೆರಡು ವರ್ಷ. ಲಕ್ವಾ ಹೊಡೆದು ಬಲಗಡೆ ಪೂರ್ತಿ ಹೋಗಿತ್ತು. ಮಾತೂ ಹೋಗಿತ್ತು. ಎಡಗೈಯ ಬೆರಳು ಅಲುಗುತ್ತಿದ್ದವು, ಕಣ್ಣು ತಿರುಗುತ್ತಿದ್ದವು, ಅಷ್ಟೇ. ದವಾಖಾನೆಯಿಂದ ಬಿಟ್ಟ ಮೇಲೆ ಅವರ ಹೆಂಡತಿ ಗಿರಿಜಾಬಾಯಿ ಹಟ ಮಾಡಿ ಅಕ್ಕಲಕೋಟದ ಹಳೇ ವಾಡೆಗೆ ಕರೆತಂದಿದ್ದರು. ಸ್ವಾಮಿಗಳ ಸಮಾಧಿ, ಪಾದುಕೆ ಇರುವ ಆ ಊರಿನಲ್ಲಿದ್ದರೆ ಎದ್ದು ಕೂರುತ್ತಾರೆ ಎಂಬುದು ಅವರ ನಂಬಿಕೆ. ಮಗ ಸೋಮೇಶ ಹಗಲು ಸೊಲ್ಲಾಪುರದ ಅಂಗಡಿ ನೋಡಿಕೊಂಡು ಸಂಜೆ ಬರುತ್ತಿದ್ದ.

ಕಲ್ಲಿನ ಮನೆ. ಬಿಸಿಲು ಬೆಂಕಿಯಂತಿದ್ದರೂ ಒಳಗಿನ ಕೋಣೆ ತಣ್ಣಗೆ ಇರುತ್ತಿತ್ತು. ಮೊದಲ ದಿನ ಮೈಲಾರಲಿಂಗ ಸಾವಕಾರರನ್ನು ನಿಧಾನ ಹೊರಳಿಸಿ, ತಲೆಯಿಂದ ಹಿಮ್ಮಡಿಯ ತನಕ ನೋಡಿ, ವಹಿಯಲ್ಲಿ ಬರೆದುಕೊಂಡ.

"ಎಷ್ಟ್ ಬಂತೋ?" ಸೋಮೇಶ ಕೇಳಿದ.

"ಹನ್ನೊಂದ್ರಿ."

"ಎಷ್ಟಕ್ಕ?"

"ಇಪ್ಪತ್ತಮೂರಕ್ಕ."

"ಅಂದ್ರ ಅಪ್ಪ ನಪಾಸ್." ಸೋಮೇಶ ನಗಲು ನೋಡಿದ, ನಗು ಬರಲಿಲ್ಲ. "ಹೂಂ. ಮುಂದ?"

"ಗಾಳಿ ಗಾದಿ ತರ್ರಿ ಅಣ್ಣಾರ. ಎರಡೆರಡ ತಾಸಿಗೆ ಮಗ್ಗಲಾ ಬದಲಿ ಮಾಡಬೇಕ್ರಿ. ಹಗಲೆಲ್ಲಾ ನಾ ಮಾಡ್ತೀನಿ. ರಾತ್ರಿ ನೀವು, ಅವ್ವಾರು."

ಗಾಳಿ ಗಾದಿ ಬಂತು. ಅದರ ಮೋಟಾರು ಸಣ್ಣಗೆ ಗುಂಯ್ ಎನ್ನುತ್ತ, ಒಂದು ಸಾಲು ಉಬ್ಬಿಸಿ ಇನ್ನೊಂದು ಸಾಲು ಇಳಿಸುತ್ತಿತ್ತು. ಗೋಡೆಗೆ ಅವನು ಒಂದು ಕಾಗದ ಅಂಟಿಸಿದ. ಎಂಟಕ್ಕೆ ಎಡ, ಹತ್ತಕ್ಕೆ ಬೆನ್ನು, ಹನ್ನೆರಡಕ್ಕೆ ಬಲ. ಹದಿನೈದು ದಿನ ಚೆನ್ನಾಗಿಯೇ ಹೋಯಿತು.

ಒಂದು ವಿಷಯ ಮಾತ್ರ ಅವನಿಗೆ ಸರಿ ಅನಿಸುತ್ತಿರಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಬೀದಿಯಲ್ಲಿ ಒಂದೂ ಸಪ್ಪಳವಿರುತ್ತಿರಲಿಲ್ಲ. ಆಗ ಸಾವಕಾರರ ಕಣ್ಣು ಪಲಂಗದ ಕಾಲ್ದೆಸೆಗೆ ಹೋಗಿ ನಿಲ್ಲುತ್ತಿದ್ದವು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಆ ಕಣ್ಣು ನಿಧಾನ ಬಾಗಿಲ ಕಡೆ ಸರಿಯುತ್ತಿದ್ದವು, ಯಾರೋ ಎದ್ದು ಹೋದರೆ ನೋಡುತ್ತೇವಲ್ಲ, ಹಾಗೆ. ಲಕ್ವಾ ಆದವರ ಕಣ್ಣು ಹಾಗೇ ಅಲೆಯುತ್ತವೆ ಎಂದು ಅವನಿಗೆ ಗೊತ್ತಿತ್ತು. ಆದರೂ ಆ ಹೊತ್ತಿನಲ್ಲಿ ಅವನು ಕಾಲ್ದೆಸೆಗೆ ಕೂರುತ್ತಿರಲಿಲ್ಲ.

ಒಂದು ಗುರುವಾರ ಗಿರಿಜಾಬಾಯಿ ಸ್ವಾಮಿಗಳ ದರ್ಶನಕ್ಕೆ ಹೋಗಿ ಬಂದರು. ಅವತ್ತು ಅಂಗಡಿಗೆ ಮಾಲು ಬಂದಿದ್ದರಿಂದ ಸೋಮೇಶ ರಾತ್ರಿ ಸೊಲ್ಲಾಪುರದಲ್ಲೇ ಉಳಿದ. ಶುಕ್ರವಾರ ಮುಂಜಾನೆ ಎಂಟಕ್ಕೆ ಮೈಲಾರಲಿಂಗ ಬಂದಾಗ ಸಾವಕಾರರು ಅಂಗಾತ ಮಲಗಿದ್ದರು. ಮೋಟಾರು ಸುಮ್ಮನಿತ್ತು.

ಅವರನ್ನು ಎಡಕ್ಕೆ ಹೊರಳಿಸಿದ. ಬೆನ್ನುಮೂಳೆ ಮುಗಿಯುವ ಜಾಗದಲ್ಲಿ ಕೆಂಪಗೆ ಒಂದು ಕಲೆ. ಕೆಳಗೆ ಗುಂಡಗೆ, ನಡುವೆ ಸಪೂರ, ಮೇಲೆ ಅಗಲ. ಅವನು ಬೆರಳಿಟ್ಟು ಒತ್ತಿ ಬಿಟ್ಟ. ಜೀವ ಇರುವ ಚರ್ಮ ಒತ್ತಿದರೆ ಬೆಳ್ಳಗಾಗುತ್ತದೆ, ಬಿಟ್ಟರೆ ಮತ್ತೆ ಕೆಂಪಾಗುತ್ತದೆ. ಇದು ಬೆಳ್ಳಗಾಗಲಿಲ್ಲ. ಕೈ ಹಿಂಬದಿ ತಾಗಿಸಿದ. ಬಿಸಿ.

ಹಿಂದೆ ತಾಟು ಕೆಳಗೆ ಬಿದ್ದ ಸಪ್ಪಳವಾಯಿತು. ಗಿರಿಜಾಬಾಯಿ ಪೂಜೆಯ ತಾಟು ಹಿಡಿದು ಬಂದವರು ಅಲ್ಲೇ ನಿಂತಿದ್ದರು. ಕುಂಕುಮ ನೆಲದ ತುಂಬ ಚೆಲ್ಲಿತ್ತು.

"ಪಾದ," ಅಂದರು.

"ಏನ್ರಿ ಅವ್ವಾರ?"

"ನಿನ್ನೆ ಬೇಡಕೊಂಡಿದ್ದೆ ನಾನು. ಒಂದ ಸಲ ನಿಮ್ಮ ಪಾದ ನಮ್ಮ ಮನ್ಯಾಗ ಬೀಳ್ಲಿ ಅಂತ." ಅವರ ಧ್ವನಿ ಬಹಳ ಸಣ್ಣಗಾಗಿತ್ತು. "ಮನ್ಯಾಗ ಅಲ್ಲೋ ತಮ್ಮಾ, ಮೈಮ್ಯಾಲೇ ಬಿದ್ದದ."

"ಅವ್ವಾರ, ಇದು ಜಖಮ್ ಆಗೂಕಿಂತ ಮೊದಲ ಬರೂ ಕೆಂಪ ಅದರಿ. ರಾತ್ರಿ ಹೊರಳಿಸಿಲ್ಲೇನ್ರಿ?"

"ಅವ ಇರಲಿಲ್ಲ. ನನ್ನ ಒಬ್ಬಾಕಿ ಕೈಲೆ ಆಗ್ತದೇನು ಅವರ ಭಾರಾ? ಗಾದಿ ಸಪ್ಪಳಾ ನಿಂದ್ರಸಿದ್ದೆ, ಜಪಾ ಮಾಡ್ಲಿಕ್ಕೆ." ಆಮೇಲೆ ಕಣ್ಣು ಅಗಲ ಮಾಡಿ, "ನೀ ಒತ್ತಿದ್ಯಲ್ಲಾ ಈಗ? ಪಾದದ ಮ್ಯಾಲ ಬೆರಳ ಒತ್ತಿದಿ?"

"ನೋಡಬೇಕಾಗ್ತದ್ರಿ."

"ಇನ್ನೊಮ್ಮೆ ಒತ್ತಿದ್ರ ನಾಳಿಂದ ಬರಬ್ಯಾಡ."

ಮೈಲಾರಲಿಂಗ ಕೈ ತೆಗೆದ. ತಾನು ಬರದಿದ್ದರೆ ಇವರನ್ನು ಹೊರಳಿಸುವವರು ಯಾರು? ಅದೊಂದೇ ಅವನ ತಲೆಯಲ್ಲಿ ಉಳಿಯಿತು. ಅವತ್ತು ಹಗಲೆಲ್ಲ ಎಡಕ್ಕೆ ಒಮ್ಮೆ ಬಲಕ್ಕೆ ಒಮ್ಮೆ ಮಲಗಿಸಿದ. ಬೆನ್ನಿನ ಮೇಲೆ ಬಿಡಲಿಲ್ಲ. ಸಂಜೆಗೆ ಕೆಂಪು ಸ್ವಲ್ಪ ಮಬ್ಬಾದಂತೆ ಕಂಡಿತು. ನಿಶ್ಚಿಂತೆಯಿಂದ ಬಸ್ಸು ಹತ್ತಿದ.

ಶನಿವಾರ ಬಂದು ನೋಡಿದರೆ ಸಾವಕಾರರು ಮತ್ತೆ ಅಂಗಾತ. ರಾತ್ರಿ ಗಿರಿಜಾಬಾಯಿ ಸೋಮೇಶನನ್ನು ಒಳಗೆ ಬಿಟ್ಟಿರಲಿಲ್ಲ. ಹೊರಳಿಸಿದ. ಕಲೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ, ಸೊಂಟದ ತಗ್ಗಿನಲ್ಲಿ, ಐದು ಚುಕ್ಕೆ ಬಂದಿದ್ದವು. ನಾಲ್ಕು ಸಣ್ಣವು, ಒಂದು ಸಾಲಿನಲ್ಲಿ. ಸಾಲಿನ ತುದಿಯಲ್ಲಿ ಸ್ವಲ್ಪ ಬಿಟ್ಟು ಒಂದು ದೊಡ್ಡದು.

ಪಾದಕ್ಕೆ ಬೆರಳು ಬಂದಿದ್ದವು.

ಮೈಲಾರಲಿಂಗನೂ ಚಿಕ್ಕವನಿದ್ದಾಗ ಅವ್ವನ ಸೆರಗು ಹಿಡಿದು ಈ ಊರಿಗೆ ಬಂದವನೇ. ಅವನೂ ಸ್ವಾಮಿಗಳ ಪಾದುಕೆಗೆ ಹಣೆ ಹಚ್ಚಿದವನೇ. ಹಾಸಿಗೆ ಹುಣ್ಣು ಮೂಳೆ ಇರುವಲ್ಲಿ ಬರುತ್ತದೆ, ಸೊಂಟದ ತಗ್ಗಿನಲ್ಲಿ ಬರುವುದಿಲ್ಲ. ಅಲ್ಲಿ ಹಾಸಿಗೆ ಮೈಗೆ ತಾಗುವುದೇ ಇಲ್ಲ. ಚಾದರ ತೆಗೆದು ಝಾಡಿಸಿದ. ಒಂದು ಅಂಗಿಯ ಗುಂಡಿಯಿಲ್ಲ, ಒಂದು ಕಾಳಿಲ್ಲ. ಅಂಗೈಯಿಂದ ಗಾದಿಯ ಉದ್ದಗಲ ಸವರಿದ. ಏನೂ ಇಲ್ಲ. ಅವನು ಸವರುತ್ತಿದ್ದಾಗ ಸಾವಕಾರರ ಕಣ್ಣು ಕಾಲ್ದೆಸೆಯನ್ನೇ ನೋಡುತ್ತಿದ್ದವು.

ಗಿರಿಜಾಬಾಯಿ ನೋಡಿದರು. ನೆಲಕ್ಕೆ ಹಣೆ ಹಚ್ಚಿ ಬಹಳ ಹೊತ್ತು ಏಳಲಿಲ್ಲ.

ಎದ್ದ ಮೇಲೆ ಅವರು ಮೂರು ಮಾತು ಹೇಳಿದರು. ಸ್ವಾಮಿಗಳು ಇವರ ಕೆಳಗೆ ನಿಂತು ಇವರನ್ನು ಹೊತ್ತಿದ್ದಾರೆ, ಆದ್ದರಿಂದ ಇನ್ನು ಮಗ್ಗಲಾಗಿ ಮಲಗಿಸಬಾರದು, ಮಲಗಿಸಿದರೆ ಪಾದ ಬಿಟ್ಟು ಬಿದ್ದಂತೆ. ಪಾದಕ್ಕೂ ಬೆನ್ನಿಗೂ ನಡುವೆ ಗಾದಿಯ ರಬ್ಬರು ಇರಬಾರದು. ಮುಂಜಾನೆ ಒಂದು ಸಲ ದರ್ಶನಕ್ಕೆ ಮಾತ್ರ ಹೊರಳಿಸಬೇಕು.

ಗಾಳಿ ಗಾದಿ ತೆಗೆದು ಮೂಲೆಗೆ ಹಾಕಿಸಿದರು. ಪಲಂಗದ ಹಲಗೆಯ ಮೇಲೆ ತೆಳ್ಳಗಿನ ಹೊಸ ಚಾದರ ಬಿತ್ತು. ಮೂಲೆಯಲ್ಲಿ ಬಿದ್ದ ಗಾದಿ ಗಾಳಿ ಬಿಡುತ್ತ, ಮಧ್ಯಾಹ್ನದ ತನಕ ಯಾರೋ ಅಲ್ಲಿ ಮಲಗಿ ಉಸಿರಾಡಿದಂತೆ ಸಪ್ಪಳ ಮಾಡುತ್ತಿತ್ತು.

ಸಂಜೆ ಸೋಮೇಶ ಬರುವ ತನಕ ಮೈಲಾರಲಿಂಗ ಕಾದ. ಅವನನ್ನು ಪಡಸಾಲೆಗೆ ಕರೆದು ಹೇಳಿದ, "ಅಣ್ಣಾರ, ಎರಡ ಮೂರ ದಿನದಾಗ ಚರ್ಮ ಒಡೀತದ್ರಿ. ಒಡದ್ರ ನನ್ನ ಕೈಲೆ ಆಗಂಗಿಲ್ಲ, ಡಾಕ್ಟರ್ ಕೈಲೆನೂ ಕಠಿಣ."

ಸೋಮೇಶ ಮುಖ ಒರೆಸಿಕೊಂಡ. "ನಾ ಏನ್ ಮಾಡ್ಲೋ? ಅವ್ವ ಮೂರ ತಿಂಗಳಾದ ಮ್ಯಾಲ ಇವತ್ತ ನಕ್ಕಾಳ. ಮತ್ತ ಬೆರಳ ನೀನೂ ನೋಡಿದ್ಯಲ್ಲಾ?"

"ನೋಡೀನ್ರಿ."

"ಹೆಂಗ ಬಂದಾವ ಹೇಳು."

ಮೈಲಾರಲಿಂಗ ಚಪ್ಪಲಿ ಮೆಟ್ಟಿ ಬಸ್ಸಿನ ಕಡೆ ನಡೆದ.

ಭಾನುವಾರ ಅವನಿಗೆ ರಜೆ. ಹೊಲಕ್ಕೆ ಹೋದ, ಮನಸ್ಸು ಹತ್ತಲಿಲ್ಲ. ವೇಣೂಬಾಯಿ ಸಿಸ್ಟರಿಗೆ ಫೋನು ಹಚ್ಚಿದ. ಆಕೆ ನಿವೃತ್ತಿಯಾಗಿ ಮಗಳ ಮನೆಯಲ್ಲಿದ್ದಳು. ಎಲ್ಲ ಕೇಳಿಸಿಕೊಂಡಳು.

"ಪಾದ ಇರಲಿ, ಪರಮಾತ್ಮ ಇರಲಿ, ಬೆರಳು ಒಂದೊಂದ ಒತ್ತಿ ನೋಡಿದ್ಯೋ ಇಲ್ಲೋ?"

"ಒತ್ತಿದ್ರ ಹೊರಗ ಹಾಕ್ತಾರ್ರಿ ಸಿಸ್ಟರ್."

"ಹಂಗಾದ್ರ ಹುಡುಕು. ತಗ್ಗಿನಾಗ ಕಲೆ ಬಿದ್ದದ ಅಂದ್ರ ತಗ್ಗಿನಾಗ ಏನೋ ಹೋಗಿ ಕುಂತದ. ನೀ ಇದ್ದಾಗ ಇಲ್ಲಾ ಅಂದ್ರ ನೀ ಇಲ್ಲದಾಗ ಅದ. ಹನ್ನೊಂದ ವರ್ಷ ಏನ್ ಕಲಿಸಿದ್ನೋ ನಿನಗ, ದೆವ್ವನಂಥಾ ಗಂಡಸು, ಚುಕ್ಕಿಗೆ ಹೆದರಿ ಕುಂತಿ."

ಸೋಮವಾರ ಮುಂಜಾನೆ ಮನೆಯ ಮುಂದೆ ಚಪ್ಪಲಿಗಳ ಸಾಲು. ನೆರೆಮನೆಯ ಶಾರದಾಬಾಯಿ ನಾಲ್ಕು ಹೆಂಗಸರನ್ನು ಕರೆತಂದಿದ್ದಳು. ದರ್ಶನಕ್ಕೆ ಹೊರಳಿಸು ಎಂದರು. ಮೈಲಾರಲಿಂಗ ಹೊರಳಿಸಿ ಹಿಡಿದುಕೊಂಡ. ಪಾದಕ್ಕೆ ಅರಿಷಿಣದ ನೀರು ಹಚ್ಚಿದ್ದರು, ಚಾದರ ಒದ್ದೆ ಇತ್ತು. ಕಲೆಯ ನಡುವೆ ಚರ್ಮ ತೆಳ್ಳಗಾಗಿ ಹಣ್ಣಿನ ಸಿಪ್ಪೆಯ ಹಾಗೆ ಹೊಳೆಯುತ್ತಿತ್ತು.

"ಖರೇನ ಅದಲ್ಲ ಬಾಯಿ!" ಶಾರದಾಬಾಯಿ ಕೈ ಮುಗಿದಳು. "ಎಡಗಾಲೋ ಬಲಗಾಲೋ?"

"ಹೆಬ್ಬೆರಳ ನೋಡು, ಗೊತ್ತಾಗ್ತದ."

ಅಂಗಾತ ಮಲಗಿಸಿದಾಗ ಸಾವಕಾರರ ಬಾಯಿಂದ "ಆ..." ಎಂದು ಉದ್ದಕ್ಕೆ ಒಂದು ಧ್ವನಿ ಬಂತು. ಲಕ್ವಾ ಹೊಡೆದ ಈ ಮೂರು ತಿಂಗಳಲ್ಲಿ ಮೊದಲ ಸಲ.

"ಸ್ವಾಮಿ ನಾಮಾ ತಗೊಳ್ಳಾಕತ್ತಾರ!" ಅಂದರು ಗಿರಿಜಾಬಾಯಿ. ಹೆಂಗಸರೆಲ್ಲ ಕೈ ಎತ್ತಿದರು. ಮೈಲಾರಲಿಂಗ ಮಾತ್ರ ಸಾವಕಾರರ ಎಡಗೈ ನೋಡಿದ. ಅದು ಚಾದರವನ್ನು ಬಿಗಿಯಾಗಿ ಹಿಡಿದಿತ್ತು. ಕಣ್ಣು ಈ ಸಲ ಕಾಲ್ದೆಸೆಗೆ ಹೋಗಿರಲಿಲ್ಲ. ಅವನನ್ನೇ ನೋಡುತ್ತಿದ್ದವು.

ಹೆಂಗಸರು ಹೋದ ಮೇಲೆ ವಹಿ ತೆಗೆದು ಮಾರ್ಕು ಹಾಕಿದ. ನೋವು ತಿಳಿಯುವುದಕ್ಕೆ ಎರಡು. ಮೈ ಯಾವಾಗಲೂ ಒದ್ದೆ, ಒಂದು. ನಡೆಯುವುದು ಒಂದು. ಹೊರಳುವುದು, ಈಗ ಯಾರೂ ಹೊರಳಿಸುವುದೂ ಇಲ್ಲ, ಒಂದು. ಊಟ ಅರ್ಧಕ್ಕೆ ಬಂದಿತ್ತು, ಎರಡು. ತಿಕ್ಕುವುದು ಒಂದು. ಎಂಟು.

ಎಂಟು ಬಂದವರ ಹೆಸರು ಅವನಿಗೆ ಒಂದೊಂದೂ ನೆನಪಿವೆ. ಅವರಲ್ಲಿ ಬದುಕಿದವರು ಕಡಿಮೆ.

ಮಧ್ಯಾಹ್ನ ಮೂರಕ್ಕೆ ಗಿರಿಜಾಬಾಯಿ ಚಾ ತಂದರು. ಮನೆಯಲ್ಲಿ ಅವರಿಬ್ಬರು ಮತ್ತು ಸಾವಕಾರರು. ಚಾದ ಬಶಿ ಕೊಡುವಾಗ ಅವರ ಬಲಗೈ ಕಂಡಿತು. ಕೈಯ ಹಿಂಬದಿಯಲ್ಲಿ ಬೆರಳ ಗೆಣ್ಣು ನಾಲ್ಕೂ ಬಾತು ಕೆಂಪಾಗಿದ್ದವು. ಒಂದರಲ್ಲಿ ಚರ್ಮ ಕಿತ್ತಿತ್ತು.

"ಕೈಗೆ ಏನಾಗ್ಯದ್ರಿ ಅವ್ವಾರ?"

"ಸಂಧಿವಾತ."

"ಸಂಧಿವಾತಕ್ಕ ಚರ್ಮ ಕೀಳಂಗಿಲ್ರಿ."

ಅವರು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಹೇಳುವುದಿಲ್ಲ ಅಂದುಕೊಂಡ. ಆದರೆ ಅವರಿಗೆ ಅದು ಮುಚ್ಚಿಡುವ ವಿಷಯ ಆಗಿರಲಿಲ್ಲ, ಸಂತೋಷದ್ದಾಗಿತ್ತು.

"ಶುಕ್ರವಾರದಿಂದ ರಾತ್ರಿ ಪಾದ ಹಿಡಕೊಂಡ ಮಲಗ್ತೀನಿ," ಅಂದರು. "ಅವರ ನಡದ ಕೆಳಗ ಕೈ ತುರುಕಿ. ಬಂದ ಪಾದ ಬಿಟ್ಟ ಹೋಗಬಾರದಲ್ಲ? ಮುಂಜಾನಿತನ ತಗ್ಯಂಗಿಲ್ಲ. ಕೈ ಸತ್ತಂಗ ಆಗ್ತದ. ಆಗ್ಲಿ."

ಬಶಿಯ ಚಾ ಅವನ ಕೈಯಲ್ಲೇ ಉಳಿಯಿತು. ಶುಕ್ರವಾರ ರಾತ್ರಿ ಕೈ. ಶನಿವಾರ ಮುಂಜಾನೆ ಬೆರಳು.

ಅವನು ಹೆಚ್ಚು ಮಾತಿನವನಲ್ಲ. ಹೇಳಿದರೆ ಈ ತಾಯಿಯ ಮುಖದಲ್ಲಿ ಬಂದ ನಗೆ ಹೋಗುತ್ತದೆ, ಹೇಳದಿದ್ದರೆ ಸಾವಕಾರರ ಬೆನ್ನು ಹೋಗುತ್ತದೆ. ಹೇಳಿ ಅವರು ನಂಬದೆ ತನ್ನನ್ನು ಹೊರಗೆ ಹಾಕಿದರೆ ಎರಡೂ ಹೋಗುತ್ತವೆ. ಅವನು ಬಶಿ ಕೆಳಗಿಟ್ಟ.

"ಅವ್ವಾರ. ಆ ಬೆರಳು ನಿಮ್ಮವ್ರಿ."

"ಏನಂದಿ?"

"ಪಾದದ ಬೆರಳು. ನಿಮ್ಮ ಗೆಣ್ಣಿನವು."

ಗಿರಿಜಾಬಾಯಿ ಎದ್ದು ನಿಂತರು. "ಕುರಿ ಕಾಯೋವನ ಮಗ ನೀ. ನಿನಗ ದೇವರ ಪಾದ ಏನ್ ತಿಳೀತದ?"

"ಖರೇರಿ. ಪಾದ ನನಗ ತಿಳ್ಯಂಗಿಲ್ಲ. ಚರ್ಮ ತಿಳೀತದ್ರಿ." ಅವನೂ ಎದ್ದು ನಿಂತ. "ಕೈ ಇಟ್ಟ ನೋಡ್ರಿ ಒಮ್ಮೆ. ಕೂಡ್ಲಿಲ್ಲಂದ್ರ ನಾನ ಹೋಗ್ತೀನಿ. ನೀವು ಹೇಳೂದ ಬ್ಯಾಡ."

ಗಿರಿಜಾಬಾಯಿ ಪಲಂಗದ ಹತ್ತಿರ ಬಂದರು.

ಮೈಲಾರಲಿಂಗ ಸಾವಕಾರರನ್ನು ಎಡಕ್ಕೆ ಹೊರಳಿಸಿ, ಭುಜಕ್ಕೂ ಸೊಂಟಕ್ಕೂ ಕೈಕೊಟ್ಟು ಹಿಡಿದ. ಗಿರಿಜಾಬಾಯಿ ಬಲಗೈಯನ್ನು ರಾತ್ರಿ ಹಿಡಿಯುವ ಹಾಗೆ ಮಡಚಿ, ಸೊಂಟದ ತಗ್ಗಿಗೆ ತಂದರು. ಒಂದನೆಯ ಗೆಣ್ಣು ಒಂದನೆಯ ಚುಕ್ಕೆಯ ಮೇಲೆ ಕುಳಿತಿತು. ಎರಡನೆಯದು ಎರಡನೆಯದರ ಮೇಲೆ. ಮೂರು. ನಾಲ್ಕು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಅವರ ಕೈ ಅಲ್ಲೇ ಇತ್ತು. ಕಣ್ಣಿಂದ ನೀರು ಬಂತು, ಸಪ್ಪಳ ಬರಲಿಲ್ಲ.

"ಮತ್ತ ಪಾದದ ಹಿಮ್ಮಡಿ?" ಅಂದರು.

"ಅದು ಗುರುವಾರ ರಾತ್ರಿದರಿ. ಎಂಟ ತಾಸು ಒಂದ ಕಡೆ ಮಲಗಿದ್ರಲ್ಲಾ."

ಅವರು ತಲೆಯಾಡಿಸಿದರು. ಆಮೇಲೆ, ಕೈ ತೆಗೆಯುವ ಮೊದಲು, ನಿಂತರು. ಐದನೆಯದು ಉಳಿದಿತ್ತು. ದೊಡ್ಡದು.

ಹೆಬ್ಬೆರಳು ಚಾಚಿ ನೋಡಿದರು. ಹೆಬ್ಬೆರಳು ಈ ಕಡೆ, ಚುಕ್ಕೆ ಆ ಕಡೆ. ಕೈ ತಿರುವಿದರು. ನಾಲ್ಕೂ ತಪ್ಪಿದವು. ಎಡಗೈ ಇಟ್ಟು ನೋಡಿದರು. ಅಂಗೈ, ಮಣಿಕಟ್ಟು, ಬಳೆ, ಎಲ್ಲ ಇಟ್ಟು ನೋಡಿದರು. ಬಳೆಯ ಗುರುತು ಹಾಗೆ ಬೀಳುವುದಿಲ್ಲ. ಮೈಲಾರಲಿಂಗ ತನ್ನ ಮೊಣಕಾಲಿನಿಂದ ಸಾವಕಾರರನ್ನು ತಡೆದು, ತನ್ನ ಕೈ ಇಟ್ಟು ನೋಡಿದ. ನಾಲ್ಕನ್ನು ಮುಟ್ಟಿದ ಯಾವ ಕೈಯೂ ಐದನೆಯದನ್ನು ಮುಟ್ಟಲಿಲ್ಲ.

"ಇದು ಯಾರದು?" ಗಿರಿಜಾಬಾಯಿ ಕೇಳಿದರು.

"ಗೊತ್ತಿಲ್ರಿ."

"ಒತ್ತು."

ಅವನು ಅವರ ಮುಖ ನೋಡಿದ.

"ಒತ್ತಂತೀನಿ. ನಾ ಹೇಳಾಕತ್ತೀನಿ."

ಅವನು ಮೊದಲು ಹಿಮ್ಮಡಿಯ ಕಲೆ ಒತ್ತಿದ. ಬೆಳ್ಳಗಾಗಲಿಲ್ಲ. ನಾಲ್ಕು ಚುಕ್ಕೆಗಳನ್ನು ಒಂದೊಂದಾಗಿ ಒತ್ತಿದ. ಆಗಲಿಲ್ಲ. "ನೋಡ್ರಿ, ಇವಕ್ಕ ರಕ್ತ ಹೋಗವಲ್ದು," ಅಂದ. ಆಮೇಲೆ ಐದನೆಯದರ ಮೇಲೆ ಬೆರಳಿಟ್ಟ. ಅದು ಬಿಸಿಯಿರಲಿಲ್ಲ, ತಣ್ಣಗೂ ಇರಲಿಲ್ಲ. ಒತ್ತಿ ಬಿಟ್ಟ. ಚುಕ್ಕೆ ಹಾಲಿನಷ್ಟು ಬೆಳ್ಳಗಾಯಿತು. ಆಮೇಲೆ ಅಂಚಿನಿಂದ ನಡುವಿಗೆ ನಿಧಾನ ಕೆಂಪು ತುಂಬಿಕೊಂಡಿತು. ಕೂಸಿನ ಗಲ್ಲ ಒತ್ತಿದರೆ ಹಾಗೆ ತುಂಬುತ್ತದೆ. ಆ ಬೆನ್ನಿನಲ್ಲಿ ಅಷ್ಟು ಜೀವವಿರುವ ಜಾಗ ಬೇರೆ ಇರಲಿಲ್ಲ.

ಸಾವಕಾರರು "ಆ..." ಅಂದರು, ಈ ಸಲ ಮೆಲ್ಲಗೆ.

ಗಿರಿಜಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. "ನಾಲ್ಕು ನನ್ನವು," ಅಂದರು. "ಗಾದಿ ತಾ. ಹೆಂಗ ಹಿಡೀಬೇಕು ಹೇಳು."

ಮೂಲೆಯ ಗಾದಿಗೆ ಮತ್ತೆ ಗಾಳಿ ತುಂಬಿತು. ಅವನು ಅವರಿಗೆ ಕಲಿಸಿದ. ಎಳೆಯಬಾರದು, ಚರ್ಮ ತಿಕ್ಕುತ್ತದೆ. ಕೆಳಗಿನ ಚಾದರವನ್ನೇ ಹಿಡಿದು ಎತ್ತಿ ಸರಿಸಬೇಕು. ಪೂರ್ತಿ ಮಗ್ಗಲಿಗೆ ಬೇಡ, ಬೆನ್ನ ಹಿಂದೆ ದಿಂಬು ಕೊಟ್ಟು ಓರೆ ಮಾಡಿದರೆ ಸಾಕು. ಮೊಣಕಾಲುಗಳ ನಡುವೆ ಒಂದು ದಿಂಬು. ಹಿಮ್ಮಡಿ ಹಾಸಿಗೆಗೆ ತಾಗಬಾರದು. ಬಾತ ಕೈಯಲ್ಲೇ ಅವರು ಎಲ್ಲ ಮಾಡಿದರು. ಸಂಜೆ ಸೋಮೇಶ ಬಂದಾಗ ಅವನ ಕೈಯಲ್ಲೂ ಮಾಡಿಸಿದರು.

"ಏನಾತವ್ವಾ?" ಅಂದ ಅವನು.

"ಅಂಗಡಿ ಮಾಲು ಆಮ್ಯಾಲ ನೋಡು. ರಾತ್ರಿ ಹತ್ತಕ್ಕ, ಹನ್ನೆರಡಕ್ಕ, ಎರಡಕ್ಕ, ನಾಲ್ಕಕ್ಕ. ತಪ್ಪಿದ್ರ ನೋಡ ಮತ್ತ."

ಮರುದಿನ ಶಾರದಾಬಾಯಿ ಮತ್ತಷ್ಟು ಜನರನ್ನು ಕರೆತಂದಳು. ಗಿರಿಜಾಬಾಯಿ ಬಾಗಿಲಲ್ಲೇ ನಿಂತರು.

"ದರ್ಶನಾ ಇಲ್ಲ."

"ಯಾಕ ಬಾಯಿ, ಪಾದ ಹೋತೇನು?"

"ಮಲಗ್ಯಾರ ಅವರು. ಸಪ್ಪಳಾ ಮಾಡಬ್ಯಾಡ್ರಿ."

ಚರ್ಮ ಒಡೆಯಲಿಲ್ಲ. ಮೊದಲ ವಾರ ಕಲೆ ಕಪ್ಪಾಗುತ್ತದೆಯೋ ಎಂದು ಮೈಲಾರಲಿಂಗನಿಗೆ ನಿದ್ದೆ ಇರಲಿಲ್ಲ. ಎರಡನೆಯ ವಾರ ನೇರಳೆ ಹೋಗಿ ಕಂದಾಯಿತು. ನಾಲ್ಕು ಚುಕ್ಕೆ ಒಂದರ ಹಿಂದೆ ಒಂದು ಅಳಿಸಿಹೋದವು. ಮೂರನೆಯ ವಾರ ಹಿಮ್ಮಡಿಯ ಕಲೆಯೂ ಹೋಯಿತು. ಊಟ ಸುಧಾರಿಸಿತು, ಮೈ ಒಣಗಿತು. ಮಾರ್ಕು ಹನ್ನೆರಡಕ್ಕೆ ಬಂತು.

ಐದನೆಯದು ಹೋಗಲಿಲ್ಲ.

ಸೊಂಟದ ತಗ್ಗಿನಲ್ಲಿ ಅದು ಒಂದೇ ಉಳಿದಿದೆ. ಬೆಳೆಯುವುದಿಲ್ಲ, ಕುಗ್ಗುವುದಿಲ್ಲ. ಡಾಕ್ಟರು ಬಂದಾಗ ನೋಡಿ, ಹುಟ್ಟು ಮಚ್ಚೆ ಇರಬೇಕು ಅಂದರು. ಮೈಲಾರಲಿಂಗ ಮೊದಲ ದಿನದ ವಹಿ ತೆಗೆದು ನೋಡಿದ. ತಲೆಯಿಂದ ಹಿಮ್ಮಡಿಯ ತನಕ ಬರೆದಿದ್ದ. ಮೊಣಕೈಯ ಹಳೇ ಗಾಯ, ಎಡ ಭುಜದ ನರುಲಿ, ಎಲ್ಲ ಇತ್ತು. ಸೊಂಟದಲ್ಲಿ ಏನೂ ಬರೆದಿರಲಿಲ್ಲ. ಅವನು ವಹಿ ಮುಚ್ಚಿದ.

ಗಿರಿಜಾಬಾಯಿ ಗುರುವಾರ ತಪ್ಪದೆ ದರ್ಶನಕ್ಕೆ ಹೋಗುತ್ತಾರೆ. ನಾಲ್ಕಕ್ಕೆ ತಪ್ಪು ಒಪ್ಪಿಕೊಂಡು ಬಂದೆ ಎಂದು ಒಂದು ದಿನ ಹೇಳಿದರು. ಐದನೆಯದರ ಬಗ್ಗೆ ಅಲ್ಲಿ ಏನೂ ಕೇಳಲಿಲ್ಲವಂತೆ.

ಈಗಲೂ ಅವನು ಮುಂಜಾನೆ ಎಂಟಕ್ಕೆ ಆ ಮನೆಗೆ ಬರುತ್ತಾನೆ. ಸಾವಕಾರರು ಎದ್ದು ಕೂತಿಲ್ಲ. ಬೆನ್ನು ಮಾತ್ರ ಸ್ವಚ್ಛ ಇದೆ. ಅವನು ಅವರನ್ನು ಎಡಕ್ಕೆ ಓರೆ ಮಾಡುತ್ತಾನೆ. ಭುಜ, ಸೊಂಟ, ಹಿಮ್ಮಡಿ ಎಲ್ಲ ಸವರಿ, ಕಡೆಗೆ ಆ ಚುಕ್ಕೆಯ ಮೇಲೆ ಬೆರಳಿಟ್ಟು ಒತ್ತುತ್ತಾನೆ. ಬಿಟ್ಟಾಗ ಬೆಳ್ಳಗೆ ಕಾಣುತ್ತದೆ. ಅಂಚಿನಿಂದ ಕೆಂಪು ಬಂದು ತುಂಬುವ ತನಕ ಅವನು ಉಸಿರು ಬಿಡುವುದಿಲ್ಲ. ಆ ಹೊತ್ತಿಗೆ ಸಾವಕಾರರ ಕಣ್ಣು ಎಲ್ಲಿ ನೋಡುತ್ತಿವೆ ಎಂದು ಅವನು ತಿರುಗಿ ನೋಡುವುದೂ ಇಲ್ಲ.